ಎರೆ ನೆಲದ ಮೇಲೆ ಕಬ್ಬಿನ ಗಾಡಿ: 420 ಮೀಟರ್ ಹೊಲದ ದಾರಿ ಕಟ್ಟಿದ ಕಥೆ

ಕಳೆದ ಹಂಗಾಮಿನ ನವೆಂಬರಿನಲ್ಲಿ ನಮ್ಮ ಹೊಲದ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹುಗಿದುಬಿತ್ತು. ಹಿಂದಿನ ಟ್ರೇಲರಿನ ಎಡಗಡೆಯ ಎರಡೂ ಗಾಲಿ ಅಚ್ಚಿನವರೆಗೆ ಎರೆಯೊಳಗೆ, ಅಂದರೆ ಕಪ್ಪು ಜಿಗುಟು ಮಣ್ಣಿನೊಳಗೆ, ಹೋಗಿದ್ದವು. ಮುಂದೆ ಇನ್ನೊಂದು ಟ್ರ್ಯಾಕ್ಟರ್ ಕಟ್ಟಿ ಎಳೆದೆವು, ಸರಪಳಿ ಹರಿಯಿತು. ಜೆಸಿಬಿ ತರಿಸಿದೆವು, ಅದು ಹತ್ತಿರ ಬರುವಷ್ಟರಲ್ಲಿ ಅದರದ್ದೇ ಮುಂಗಾಲಿ ಇಳಿಯತೊಡಗಿತು. ಕೊನೆಗೆ ಹತ್ತು ಟನ್ ಕಬ್ಬನ್ನು ಕೆಳಗಿಳಿಸಿ, ಕಬ್ಬು ಕಡಿಯುವ ಗ್ಯಾಂಗಿನ ಹೆಣ್ಣುಮಕ್ಕಳು ಹೊರೆ ಹೊರೆಯಾಗಿ ತಲೆಯ ಮೇಲೆ ಹೊತ್ತು ಡಾಂಬರು ರಸ್ತೆಗೆ ಮುಟ್ಟಿಸಿದರು. ಅಷ್ಟು ಹೊತ್ತಿಗೆ ಕಬ್ಬು ಕಡಿದು ಮೂರು ದಿನ. ಕಡಿದ ಕಬ್ಬು ದಿನದಿನಕ್ಕೂ ಒಣಗಿ ತೂಕ ಕಳೆದುಕೊಳ್ಳುತ್ತದೆ, ನಮಗೆ ದುಡ್ಡು ಬರುವುದು ತೂಕದ ಮೇಲೆ. ಆ ಹೆಣ್ಣುಮಕ್ಕಳ ಮೊಣಕಾಲಿನವರೆಗಿನ ರಾಡಿ ನೋಡಿದ ದಿನವೇ ಈ ದಾರಿಯ ಕೆಲಸವನ್ನು ಸರಿಯಾಗಿ ಮಾಡಲೇಬೇಕು ಎಂದು ನಾವು ಇಪ್ಪತ್ಮೂರು ಮನೆಯವರು ಕೂತು ಮಾತಾಡಿದೆವು.

ಊರು ಮುಧೋಳ ತಾಲ್ಲೂಕಿನಲ್ಲಿದೆ, ಘಟಪ್ರಭಾ ಎಡದಂಡೆ ಕಾಲುವೆಯ ನೀರು. ಮೊದಲು ಇದು ಚಕ್ಕಡಿ ದಾರಿ. ಬಿಳಿಜೋಳ, ಕಡಲೆ ಬೆಳೆಯುತ್ತಿದ್ದ ಕಾಲಕ್ಕೆ ಅದು ಸಾಕಾಗಿತ್ತು: ಸುಗ್ಗಿ ಬರುವ ಹೊತ್ತಿಗೆ ನೆಲ ಒಣಗಿರುತ್ತಿತ್ತು. ಕಬ್ಬು ಬಂದ ಮೇಲೆ ಎಲ್ಲ ತಿರುಗಿತು. ಹಿಂಗಾರಿ ಮಳೆ ಇನ್ನೂ ಆರಿರುವುದಿಲ್ಲ, ಪಕ್ಕದ ಹೊಲಕ್ಕೆ ನೀರು ಹಾಯುತ್ತಿರುತ್ತದೆ, ಆಗಲೇ ಇಪ್ಪತ್ತು ಟನ್ ಹೊತ್ತ ಎರಡು ಟ್ರೇಲರ್ ಈ ದಾರಿಯಲ್ಲಿ ಬರಬೇಕು. ದಾರಿಯ ಆಚೆ 140 ಎಕರೆ ಕಬ್ಬಿದೆ. ಎಕರೆಗೆ 40 ಟನ್ ಹಿಡಿದರೂ 5,600 ಟನ್, ಅಂದರೆ ಹಂಗಾಮಿಗೆ 280 ಖೇಪು. ದೊಡ್ಡ ರಸ್ತೆಗೆ ಇದು ಒಂದು ದಿನದ ಗಾಡಿ ಆಗಬಹುದು. ಒದ್ದೆ ಎರೆಗೆ ಮಾತ್ರ ಮೊದಲ ಹತ್ತು ಖೇಪೇ ಸಾಕು.

ನಾನು ಸಿವಿಲ್ ಡಿಪ್ಲೊಮಾ ಓದಿ ಕೆಲವು ವರ್ಷ ರಸ್ತೆ ಕೆಲಸದಲ್ಲಿದ್ದವನು, ಈಗ ಊರಲ್ಲೇ ಒಕ್ಕಲುತನ. ಹಾಗಾಗಿ ಲೆಕ್ಕದ ಕೆಲಸ ನನ್ನ ಪಾಲಿಗೆ ಬಂತು. ಇಂಥದೇ ದಾರಿ ಇರುವವರಿಗೆ ಉಪಯೋಗವಾಗಲಿ ಎಂದು ನಡೆದದ್ದನ್ನು ನಡೆದ ಹಾಗೆ ಬರೆದಿದ್ದೇನೆ.

ಮಾರ್ಚ್: ಗುಂಡಿ ತೋಡಿ ನೋಡಿದ್ದು

"ನಾಕ್ ವರ್ಷದಾಗ ಮೂರ್ ಸಲ ಗರಸು ಹಾಕೇವಿ. ಎಲ್ಲಿ ಹೋತು ಅದು?" ಇದು ಊರಲ್ಲಿ ಎಲ್ಲರ ಪ್ರಶ್ನೆ. ಗರಸು ಎಂದರೆ ಮಣ್ಣು ಬೆರೆತ ಸಣ್ಣ ಕಲ್ಲು. ಉತ್ತರ ಹುಡುಕಲು ಬೇವಿನ ಗಿಡದ ತಿರುವಿನಲ್ಲಿ, ಟ್ರ್ಯಾಕ್ಟರ್ ಹುಗಿದ ಜಾಗದಲ್ಲೇ, ಒಂದು ಮೀಟರ್ ಆಳದ ಗುಂಡಿ ತೋಡಿದೆವು. ಗರಸು ಎಲ್ಲಿಗೂ ಹೋಗಿರಲಿಲ್ಲ. 60 ಸೆಂಮೀ ಆಳದವರೆಗೆ ಅಲ್ಲೇ ಇತ್ತು. ಆದರೆ ಹರಳಿಗೂ ಹರಳಿಗೂ ನಡುವೆ ಕಪ್ಪು ಎರೆ ತುಂಬಿಕೊಂಡು, ಬೆಲ್ಲದ ಪಾಕದಲ್ಲಿ ಶೇಂಗಾ ಬೀಜ ಕೂತ ಹಾಗೆ ಬಿಡಿಬಿಡಿಯಾಗಿ ತೇಲುತ್ತಿತ್ತು. ಒಂದು ಹಿಡಿ ಕೈಯಲ್ಲಿ ತೆಗೆದುಕೊಂಡು ಹಿಚುಕಿದೆ. ಕಲ್ಲಿಗೆ ಕಲ್ಲು ತಾಗುವ ಸದ್ದೇ ಇಲ್ಲ, ಬೆರಳ ಸಂದಿಯಿಂದ ಎರೆ ಜಾರಿ ಹೊರಬಂತು.

ಈ ಕೆಲಸದ ತಿರುಳೆಲ್ಲ ಆ ಒಂದು ಹಿಡಿಯಲ್ಲಿತ್ತು. ಗರಸು ಕೆಳಗೆ ಇಳಿಯುತ್ತದೆ ಎಂದು ನಾವು ತಿಳಿದಿರುತ್ತೇವೆ. ಅದಕ್ಕಿಂತ ಹೆಚ್ಚಾಗಿ ಎರೆ ಮೇಲೆ ಏರುತ್ತದೆ. ಗಾಲಿ ಒತ್ತಿದಾಗಲೆಲ್ಲ ಕೆಳಗಿನ ಒದ್ದೆ ಮಣ್ಣು ಕಲ್ಲಿನ ಸಂದಿಗೆ ಚಿಮ್ಮುತ್ತದೆ. ಕಲ್ಲುಗಳು ಒಂದನ್ನೊಂದು ಒತ್ತಿ ಹಿಡಿದಿದ್ದರೆ ಮಾತ್ರ ಭಾರ ಹಂಚಿಹೋಗುತ್ತದೆ. ನಡುವೆ ಜಿಗುಟು ಸೇರಿದರೆ ಅಷ್ಟೂ ಗರಸು ಕಲ್ಲು ಬೆರೆತ ರಾಡಿ, ಅಷ್ಟೇ. ಅದರ ಮೇಲೆ ಇನ್ನೂ ನೂರು ಖೇಪು ಸುರಿದರೂ ಫಲ ಒಂದೇ.

ಇನ್ನೊಂದು ದೋಷವೂ ಗುಂಡಿಯಲ್ಲಿ ಕಾಣಿಸಿತು. ಹಿಂದಿನ ಸಲ ಕೆಲಸ ಹಿಡಿದವರು ದಾರಿಯ ನಡುವೆ ಮೂರು ಮೀಟರ್ ಅಗಲಕ್ಕೆ ಎರೆಯನ್ನು ಅಗೆದು ತೆಗೆದು, ಆ ತಗ್ಗಿನಲ್ಲಿ ಗರಸು ತುಂಬಿ, ಎರಡೂ ಬದಿಗೆ ಅದೇ ಎರೆಯನ್ನು ಒಡ್ಡಿನಂತೆ ಏರಿಸಿದ್ದರು. ನೋಡಲು ಅಚ್ಚುಕಟ್ಟು. ಆದರೆ ಒಳಗೆ ಹೋದ ನೀರಿಗೆ ಹೊರಗೆ ದಾರಿ ಇಲ್ಲ. ದನದ ಬಾನಿಯಲ್ಲಿ ಕಲ್ಲು ತುಂಬಿ ನೀರು ಹೊಯ್ದ ಹಾಗೆ, ಮಳೆ ನಿಂತು ಹದಿನೈದು ದಿನವಾದರೂ ಒಳಗೆ ನೀರು ನಿಂತೇ ಇರುತ್ತಿತ್ತು.

ನೆಲದ ಗಟ್ಟಿತನ ಅಳೆಯಲು ಪರಿಚಯದ ಲ್ಯಾಬಿನಿಂದ ಡಿಸಿಪಿ ತಂದೆ. ಅದು ಸರಳ ಉಪಕರಣ: ತುದಿಗೆ 20 ಮಿಮೀ ದಪ್ಪದ, 60 ಡಿಗ್ರಿ ಚೂಪಿನ ಶಂಕು ಇರುವ ಸರಳು. ಅದರ ಮೇಲೆ 8 ಕೆಜಿ ಸುತ್ತಿಗೆಯನ್ನು 575 ಮಿಮೀ ಎತ್ತರದಿಂದ ಬಿಡಬೇಕು, ಒಂದೊಂದು ಪೆಟ್ಟಿಗೆ ಎಷ್ಟು ಇಳಿಯಿತು ಎಂದು ಬರೆದುಕೊಳ್ಳಬೇಕು. ಮಾರ್ಚಿನ ಒಣ ನೆಲದಲ್ಲಿ ಪೆಟ್ಟಿಗೆ 30 ಮಿಮೀ ಬಂತು, ಅಂದರೆ ಸಿಬಿಆರ್ (ನೆಲ ಎಷ್ಟು ಭಾರ ತಾಳುತ್ತದೆ ಎಂಬ ಅಳತೆ, ಹೆಚ್ಚಿದ್ದಷ್ಟೂ ಗಟ್ಟಿ) ಸುಮಾರು 8. ಇದನ್ನು ನೋಡಿ ಖುಷಿಪಟ್ಟರೆ ಕೆಟ್ಟೆವು. ಅದೇ ಜಾಗಕ್ಕೆ ಸಣ್ಣ ಬದು ಕಟ್ಟಿ ನಾಲ್ಕು ದಿನ ನೀರು ನಿಲ್ಲಿಸಿ ಮತ್ತೆ ಹೊಡೆದೆ. ಪೆಟ್ಟಿಗೆ 105 ಮಿಮೀ! ಸಿಬಿಆರ್ 2ರ ಆಸುಪಾಸು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಗ್ರಾಮೀಣ ರಸ್ತೆಗಳ ಕೈಪಿಡಿ ಐಆರ್‌ಸಿ:ಎಸ್‌ಪಿ:72 ಇಂಥ ನೆಲವನ್ನು ಅತ್ಯಂತ ದುರ್ಬಲ ವರ್ಗಕ್ಕೆ ಸೇರಿಸುತ್ತದೆ. ಎರೆಯನ್ನು ಬೇಸಿಗೆಯಲ್ಲಿ ಅಳೆದು ದಪ್ಪ ನಿರ್ಧರಿಸುವವರು ದಯವಿಟ್ಟು ಈ ನಾಲ್ಕು ದಿನದ ನೀರನ್ನು ಮರೆಯಬೇಡಿ.

ಎರೆ ಎಷ್ಟು ಉಬ್ಬುತ್ತದೆ ಎಂಬುದನ್ನು ಮನೆಯಲ್ಲೇ ನೋಡಬಹುದು. ಒಣಗಿಸಿ ಜರಡಿ ಹಿಡಿದ ನುಣ್ಣನೆ ಮಣ್ಣು 10 ಗ್ರಾಂ ಒಂದು ಅಳತೆ ಕೊಳವೆಯ ನೀರಿಗೆ, ಇನ್ನೊಂದು 10 ಗ್ರಾಂ ಸೀಮೆಎಣ್ಣೆಗೆ ಹಾಕಿ, ಒಂದು ದಿನ ಬಿಡಬೇಕು. ಸೀಮೆಎಣ್ಣೆಯಲ್ಲಿ ಎರೆ ಉಬ್ಬುವುದಿಲ್ಲ. ನಮ್ಮದು ಸೀಮೆಎಣ್ಣೆಯಲ್ಲಿ 11 ಮಿಲೀ, ನೀರಿನಲ್ಲಿ 21 ಮಿಲೀ. ಸುಮಾರು ಇಮ್ಮಡಿ. ಎರೆಯ ಕಣ ಬಲು ತೆಳ್ಳಗಿನ ಹಾಳೆಗಳ ಕಟ್ಟು, ಮಾಂಟ್‌ಮೊರಿಲೊನೈಟ್ ಎಂದು ಅದರ ಹೆಸರು. ನೀರು ಹಾಳೆಗಳ ಸಂದಿಗೇ ಹೊಕ್ಕು ಅವನ್ನು ದೂರ ತಳ್ಳುತ್ತದೆ, ಬೇಸಿಗೆಯಲ್ಲಿ ಅದೇ ನೀರು ಹೋದಾಗ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ.

ಭಾರದ ಲೆಕ್ಕ

ಯಾವ ಗಾಡಿ ದಾರಿಯನ್ನು ಹೆಚ್ಚು ಕೆಡಿಸುತ್ತದೆ ಎಂಬ ಬಗ್ಗೆ ಸಭೆಯಲ್ಲಿ ಜಗಳವೇ ಆಯಿತು. ಟ್ರ್ಯಾಕ್ಟರ್ ಇದ್ದವರು ಲಾರಿ ಎಂದರು, ಲಾರಿಯವರು ಟ್ರ್ಯಾಕ್ಟರ್ ಎಂದರು. ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾದಲ್ಲಿ 1958ರಿಂದ 1960ರವರೆಗೆ ಲಾರಿಗಳನ್ನು ಹಗಲೂ ರಾತ್ರಿ ಓಡಿಸಿ ಮಾಡಿದ ಪರೀಕ್ಷೆಯಿಂದ ಒಂದು ನಿಯಮ ಹೊರಬಂತು: ಒಂದು ಅಚ್ಚಿನ ಮೇಲಿನ ಭಾರ ಇಮ್ಮಡಿಯಾದರೆ ರಸ್ತೆಗೆ ಆಗುವ ಹಾನಿ ಹತ್ತಿರ ಹತ್ತಿರ ಹದಿನಾರು ಪಟ್ಟು. ಭಾರದ ನಾಲ್ಕನೇ ಘಾತ. ನಮ್ಮಲ್ಲೂ ಜೋಡಿಗಾಲಿಯ ಅಚ್ಚಿಗೆ 80 ಕಿಲೋನ್ಯೂಟನ್ (ಸುಮಾರು 8.2 ಟನ್), ಒಂಟಿಗಾಲಿಯ ಅಚ್ಚಿಗೆ 65 ಕಿಲೋನ್ಯೂಟನ್ (ಸುಮಾರು 6.6 ಟನ್) ಪ್ರಮಾಣವೆಂದು ಹಿಡಿದು ಇದೇ ಲೆಕ್ಕ ಹಾಕುತ್ತಾರೆ.

ಟ್ರ್ಯಾಕ್ಟರಿನ ಎರಡು ಟ್ರೇಲರಿಗೆ ನಾಲ್ಕು ಅಚ್ಚು, ಒಂಟಿಗಾಲಿ, ಅಚ್ಚಿಗೆ ಆರೂಕಾಲು ಟನ್. ಲೆಕ್ಕ ಮಾಡಿದರೆ ಒಟ್ಟು ಹಾನಿ 3.2, ಅಂದರೆ ಪ್ರಮಾಣದ ಅಚ್ಚು 3.2 ಸಲ ದಾಟಿದಷ್ಟು. ಆರು ಗಾಲಿಯ ಲಾರಿಯ ಹಿಂದಿನ ಅಚ್ಚಿಗೆ 2018ರ ಬದಲಾವಣೆಯ ನಂತರ ಕಾನೂನು 11.5 ಟನ್ ಬಿಡುತ್ತದೆ, ಅದಕ್ಕೂ ಮೊದಲು 10.2 ಇತ್ತು. ಆದರೆ ಕಬ್ಬಿನ ಹೊತ್ತಿನಲ್ಲಿ ಅದು 14 ಟನ್ ಮುಟ್ಟುವುದುಂಟು. ಆಗ ಆ ಒಂದು ಲಾರಿಯದ್ದೇ 9. ಅದು ಹೊತ್ತೊಯ್ಯುವುದು 13 ಟನ್ ಕಬ್ಬು, ಟ್ರ್ಯಾಕ್ಟರ್ ಒಯ್ಯುವುದು 20. ಅಂದರೆ ಟನ್ ಲೆಕ್ಕದಲ್ಲಿ ಲಾರಿಯ ಹಾನಿ ನಾಲ್ಕು ಪಟ್ಟಿಗೂ ಹೆಚ್ಚು. ಈ ನಿಯಮ ಕಟ್ಟಿದ ರಸ್ತೆಗೆ ಹುಟ್ಟಿದ್ದು, ರಾಡಿ ದಾರಿಗೆ ಹಾಗೆಯೇ ಒಪ್ಪುವುದಿಲ್ಲ. ಆದರೂ ಗಾಡಿಗೆ ಗಾಡಿ ಹೋಲಿಸಲು ಸಾಕು. ಈ ಲೆಕ್ಕವನ್ನು ಹಾಳೆಯ ಮೇಲೆ ಬಿಡಿಸಿ ತೋರಿಸಿದ ಮೇಲೆ ಜಗಳ ನಿಂತಿತು. ಹೊಲದ ಒಳಗೆ ಟ್ರ್ಯಾಕ್ಟರ್ ಮಾತ್ರ, ಲಾರಿಗೆ ತುಂಬುವುದು ಡಾಂಬರು ರಸ್ತೆಯ ಪಕ್ಕದಲ್ಲಿ ಎಂದು ತೀರ್ಮಾನವಾಯಿತು.

ನೀರಿಗೆ ದಾರಿ

ಕಲ್ಲು, ಸುಣ್ಣ ಯಾವುದಕ್ಕೂ ಕೈ ಹಾಕುವ ಮೊದಲು ಗಟಾರ ತೋಡಬೇಕಿತ್ತು. ಇಲ್ಲಿ ತೊಡಕು ಮಣ್ಣಿನದಲ್ಲ, ಮನುಷ್ಯರದ್ದು. ನಮ್ಮ ಕಡೆ ತ್ರೀಫೇಸ್ ಕರೆಂಟ್ ಬಹಳ ಸಲ ರಾತ್ರಿಯೇ ಬರುತ್ತದೆ. ನೀರು ಹಚ್ಚಿ ಮಲಗಿದರೆ ಸಾಲು ತುಂಬಿ, ಬದು ದಾಟಿ, ದಾರಿಗೆ ಇಳಿಯುತ್ತದೆ. ಬೇವಿನ ಗಿಡದ ತಿರುವು ಅತ್ಯಂತ ತಗ್ಗು, ಅಲ್ಲಿಗೆ ಎಲ್ಲ ನೀರೂ ಬಂದು ಸೇರುತ್ತಿತ್ತು. ಅಲ್ಲಿನ ಹೊಲ ನಮ್ಮ ದೂರದ ಕಾಕಾ ಅವರದು. ಗಟಾರ ತೋಡಿದರೆ ಅವರ ಒಂದು ಸಾಲು ಕಬ್ಬು ಹೋಗುತ್ತದೆ.

ಒಂದು ಸಂಜೆ ಅವರ ಮನೆಗೆ ಹೋಗಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. "ಒಂದ್ ಸಾಲ ಕಬ್ಬ ಹೋದ್ರ ನನ್ನ ಮನಿ ಮುಳಗಂಗಿಲ್ಲ ತಮ್ಮಾ. ಆದ್ರ ಊರ ನೀರೆಲ್ಲಾ ನನ್ನ ಹೊಲಕ್ಕ ತಿರಗಬಾರದು. ಅದಕ್ಕ ಏನ್ ಮಾಡ್ತಿ, ಮೊದ್ಲ ಅದನ್ನ ಹೇಳು" ಎಂದರು. ಅವರ ಮಾತು ನ್ಯಾಯವಾಗಿತ್ತು. ಮರುದಿನ ಲೆವೆಲ್ ಪೈಪ್ ಹಿಡಿದು ಇಬ್ಬರೂ ಸೇರಿ ಇಳಿಜಾರು ನೋಡಿದೆವು. ದಾರಿಗೆ ಅಡ್ಡಲಾಗಿ ಎರಡು ಕಡೆ ಪೈಪ್ ಹಾಕಿ ನೀರನ್ನು ಆಚೆಬದಿಯ ಹಳ್ಳಕ್ಕೆ ತಿರುಗಿಸಬಹುದು ಎಂದು ಗೊತ್ತಾಯಿತು. 450 ಮಿಮೀ ಸಿಮೆಂಟ್ ಪೈಪು ತಂದೆವು. ನೀರಿನ ಲೆಕ್ಕಕ್ಕೆ 300 ಮಿಮೀ ಸಾಕಿತ್ತು, ಆದರೆ ಸಣ್ಣ ಪೈಪಿಗೆ ಕಬ್ಬಿನ ರವದಿ (ಒಣ ಎಲೆ) ಸಿಕ್ಕಿಕೊಂಡರೆ ಸಲಿಕೆ ಹೋಗುವುದಿಲ್ಲ. ಗಟಾರದ ತಳ ದಾರಿಯ ಎರೆಯ ಮಟ್ಟಕ್ಕಿಂತ ಅರ್ಧ ಮೀಟರ್ ಕೆಳಗೆ ಇರುವಂತೆ ಎರಡೂ ಬದಿಗೆ ತೋಡಿದೆವು.

ಸುಣ್ಣ

ಸಿಬಿಆರ್ 2ರ ನೆಲದ ಮೇಲೆ ಬರೀ ಕಲ್ಲಿನಿಂದಲೇ ದಾರಿ ಕಟ್ಟಿದರೆ ಅರ್ಧ ಮೀಟರಿಗೂ ದಪ್ಪ ಹಾಕಬೇಕು. ಅಷ್ಟು ದುಡ್ಡಿಲ್ಲ. ಆದರೆ ಸುಣ್ಣ ನಮ್ಮ ನೆರೆಯಲ್ಲೇ ಇದೆ, ಲೋಕಾಪುರ–ಕಲಾದಗಿ ಕಡೆ ಸುಣ್ಣದಕಲ್ಲಿಗೆ ಬರವಿಲ್ಲ. ಎರೆಗೆ ಸುಣ್ಣ ಬೆರೆಸಿದರೆ ಎರಡು ಕೆಲಸ ಆಗುತ್ತದೆ. ಸುಣ್ಣದ ಕ್ಯಾಲ್ಸಿಯಂ ಮೊದಲ ಕೆಲವು ಗಂಟೆಗಳಲ್ಲೇ ಎರೆಯ ಹಾಳೆಗಳ ಮೇಲೆ ಕೂತು ಅವನ್ನು ಹತ್ತಿರ ಎಳೆಯುತ್ತದೆ, ಜಿಗುಟು ಹೋಗಿ ಮಣ್ಣು ಹರಳಾಗುತ್ತದೆ. ಆಮೇಲೆ ವಾರಗಳು, ತಿಂಗಳುಗಳ ಕಾಲ ಎರೆಯಲ್ಲಿನ ಸಿಲಿಕಾ, ಅಲ್ಯೂಮಿನಾ ಜೊತೆ ಸೇರಿ ಸಿಮೆಂಟಿನಂಥ ಬಂಧ ಕಟ್ಟುತ್ತದೆ. ಈ ಎರಡನೆಯ ಕೆಲಸಕ್ಕೆ ಮಣ್ಣಿನ ಪಿಎಚ್ (ಕ್ಷಾರ ಎಷ್ಟಿದೆ ಎಂಬ ಅಳತೆ) 12.4ರ ಹತ್ತಿರ ಇರಬೇಕು.

ಎಷ್ಟು ಸುಣ್ಣ ಎಂಬುದನ್ನೂ ಅದರಿಂದಲೇ ಕಂಡುಹಿಡಿದೆ. ಐದು ಬಾಟಲಿಯಲ್ಲಿ 20 ಗ್ರಾಂನಂತೆ ಮಣ್ಣು, ನೂರಕ್ಕೆ 2, 3, 4, 5, 6ರಂತೆ ಸುಣ್ಣ, 100 ಮಿಲೀ ಶುದ್ಧ ನೀರು. ಒಂದು ಗಂಟೆ ಆಗಾಗ ಅಲುಗಿಸಿ ಪಿಎಚ್ ಮೀಟರ್ ಹಿಡಿದೆ. 4ರಲ್ಲಿ 12.4 ಬಂತು, ಅಲ್ಲಿಂದ ಮುಂದೆ ಏರಲಿಲ್ಲ. ಅದೇ ನಮ್ಮ ಪ್ರಮಾಣ. 4ರ ಮಣ್ಣನ್ನು ಉಬ್ಬುವ ಪರೀಕ್ಷೆಗೂ ಹಾಕಿದೆ: 21 ಮಿಲೀ ಇದ್ದದ್ದು 14ಕ್ಕೆ ಇಳಿಯಿತು.

ಆದರೆ ಬೇವಿನ ಗಿಡದ ಹತ್ತಿರದ 60 ಮೀಟರಿಗೆ ಸುಣ್ಣ ಹಾಕಲಿಲ್ಲ. ಕಾಕಾ ಅವರ ಹೊಲ ಸವಳು. ಬೇಸಿಗೆಯಲ್ಲಿ ಬಿಳಿ ಉಪ್ಪು ಮೇಲೇಳುತ್ತದೆ, ಅದನ್ನು ಸರಿಪಡಿಸಲು ಅವರು ಎರಡು ಸಲ ಜಿಪ್ಸಮ್ ಹಾಕಿಸಿದ್ದರು. ಜಿಪ್ಸಮ್ ಎಂದರೆ ಕ್ಯಾಲ್ಸಿಯಂ ಸಲ್ಫೇಟ್. ಸಲ್ಫೇಟ್ ಇರುವ ಎರೆಗೆ ಸುಣ್ಣ ಬೆರೆತು ನೀರು ಸಿಕ್ಕರೆ ಎಟ್ರಿಂಗೈಟ್ ಎಂಬ ಹರಳು ಬೆಳೆಯುತ್ತದೆ. ಅದು ಬೆಳೆಯುವಾಗ ಮಣ್ಣಿಗಿಂತ ಜೋರಾಗಿ ಉಬ್ಬಿ ರಸ್ತೆಯನ್ನೇ ಎತ್ತಿ ಒಡೆಯುತ್ತದೆ. ಲ್ಯಾಬಿನಲ್ಲಿ ಆ ಮಣ್ಣಿನ ನೀರಿಗೆ ಬೇರಿಯಂ ಕ್ಲೋರೈಡ್ ಹಾಕಿಸಿದಾಗ ಮಜ್ಜಿಗೆಯಂತೆ ಬೆಳ್ಳಗಾಯಿತು. ಬೇರೆ ಕಡೆಯ ಮಣ್ಣು ತಿಳಿಯಾಗಿಯೇ ಉಳಿಯಿತು. ಕಾಲುವೆ ನೀರಾವರಿಯ ಊರುಗಳಲ್ಲಿ ದಾರಿಗೆ ಸುಣ್ಣ ಹಾಕುವವರು ಅಕ್ಕಪಕ್ಕದ ಹೊಲದವರನ್ನು ಜಿಪ್ಸಮ್ ಬಗ್ಗೆ ಕೇಳಿಯೇ ಕೇಳಬೇಕು. ಇದನ್ನು ಕೇಳದೆ ಸುಣ್ಣ ಹಾಕಿದ್ದರೆ ಅತ್ಯಂತ ಕೆಟ್ಟ ಜಾಗವನ್ನು ಇನ್ನೂ ಕೆಡಿಸುತ್ತಿದ್ದೆವು.

ಉಳಿದ 360 ಮೀಟರಿನ ಕೆಲಸ ಏಪ್ರಿಲಿನಲ್ಲಿ ನಡೆಯಿತು. 20 ಸೆಂಮೀ ದಪ್ಪ ಬೇಕಿತ್ತು, ಆದರೆ ನಮ್ಮ ರೋಟಾವೇಟರ್ ಅಷ್ಟು ಆಳ ಹೋಗುವುದಿಲ್ಲ. ಹಾಗಾಗಿ ಮೇಲಿನ 10 ಸೆಂಮೀ ಮಣ್ಣನ್ನು ಬ್ಲೇಡಿನಿಂದ ಬದಿಗೆ ಸರಿಸಿ, ಕೆಳಗಿನ ಪದರಕ್ಕೆ ಸುಣ್ಣ ಬೆರೆಸಿ ರೋಲರ್ ಹೊಡೆದು, ಸರಿಸಿದ್ದನ್ನು ಮತ್ತೆ ಹರಡಿ ಅದಕ್ಕೂ ಹಾಗೆಯೇ ಮಾಡಿದೆವು. ಲೆಕ್ಕ ಸುಲಭವಾಗಿ ಕೂತಿತು. 10 ಸೆಂಮೀ ಪದರದಲ್ಲಿ ಚದರ ಮೀಟರಿಗೆ 150 ಕೆಜಿ ಮಣ್ಣು, ಅದರ ನೂರಕ್ಕೆ ನಾಲ್ಕು ಎಂದರೆ 6 ಕೆಜಿ, 4 ಮೀಟರ್ ಅಗಲಕ್ಕೆ 24 ಕೆಜಿ. ಮೀಟರಿಗೊಂದು 25 ಕೆಜಿ ಚೀಲ. ಮಕ್ಕಳೂ ತಪ್ಪಿಲ್ಲದೆ ಚೀಲ ಇಡುವ ಜಾಗಕ್ಕೆ ಗೂಟ ಹೊಡೆದರು. ಚೀಲ ಬಿಚ್ಚುವ ಹೊತ್ತಿಗೆ ಮಾತ್ರ ಮಕ್ಕಳನ್ನು ದೂರ ಕಳಿಸಿದೆವು. ಅರಳಿದ ಸುಣ್ಣವೂ ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ. ಎಲ್ಲರಿಗೂ ಕನ್ನಡಕ, ಕೈಗವಸು, ಮುಖಕ್ಕೆ ಬಟ್ಟೆ. ಗಾಳಿ ಏಳುವ ಮೊದಲು, ಬೆಳಗಿನ ಆರರಿಂದ ಒಂಬತ್ತರೊಳಗೆ ಮಾತ್ರ ಹರಡುವುದು.

ಮೊದಲ ದಿನ ಸಂಜೆ ಸುಣ್ಣ ಬೆರೆಸಿ ನೀರು ಹೊಡೆದಾಗ ರೋಟಾವೇಟರಿನ ಅಲಗಿಗೆ ಎರೆ ಮುದ್ದೆಯಾಗಿ ಮೆತ್ತಿಕೊಂಡಿತ್ತು. "ಇದು ಹದಕ್ಕ ಬರಂಗಿಲ್ಲ ಅಣ್ಣಾ" ಎಂದು ಡ್ರೈವರ್ ಹುಡುಗ ಇಳಿದುಬಿಟ್ಟ. ರಾತ್ರಿ ಹಾಗೆಯೇ ಬಿಟ್ಟೆವು. ಬೆಳಿಗ್ಗೆ ಆರಕ್ಕೆ ಬಂದು ಕೈ ಹಾಕಿದರೆ ಅದೇ ಮಣ್ಣು ಜೋಳದ ನುಚ್ಚಿನಂತೆ ಉದುರುತ್ತಿತ್ತು. ಬಣ್ಣ ಕಪ್ಪಿನಿಂದ ಬೂದಿಗೆ ತಿರುಗಿತ್ತು. ಅಂಗೈಗೆ ಅಂಟಲಿಲ್ಲ. ಆ ಹುಡುಗ ಒಂದು ಮುಷ್ಟಿ ತೆಗೆದುಕೊಂಡು ಬೆರಳಲ್ಲಿ ಜಾರಿಸಿ ಜಾರಿಸಿ ನೋಡಿದ. ಆ ದಿನದಿಂದ ಎಲ್ಲ ಪದರವನ್ನೂ ಸಂಜೆ ಬೆರೆಸಿ, ರಾತ್ರಿ ಬಿಟ್ಟು, ಬೆಳಿಗ್ಗೆ ಇನ್ನೊಮ್ಮೆ ರೋಟಾವೇಟರ್ ಹೊಡೆದು, ನೀರಿನ ಹದ ನೋಡಿ ರೋಲರ್ ಹಾಕಿದೆವು.

ಎರಡನೆಯ ಪದರಕ್ಕೆ ಬಂದ ಸುಣ್ಣದಲ್ಲಿ ಮೋಸ ಸಿಕ್ಕಿತು. 150 ಚೀಲಗಳ ಒಂದು ಲೋಡು ಹಳೆಯದು, ಗಾಳಿ ಕುಡಿದು ಸತ್ತ ಸುಣ್ಣ. ಲಿಂಬೆಹುಳಿ ಹಿಂಡಿದರೆ ಬುರುಬುರು ನೊರೆ ಬಂತು, ತಾಜಾ ಸುಣ್ಣಕ್ಕೆ ಹಾಗೆ ಬರುವುದಿಲ್ಲ. ಮಣ್ಣಿಗೆ ಬೆರೆಸಿ ನೋಡಿದರೆ ಪಿಎಚ್ 11ನ್ನೂ ಮುಟ್ಟಲಿಲ್ಲ. ಕೊಟ್ಟವರು ಮೊದಲು ಒಪ್ಪಲಿಲ್ಲ. ಅವರ ಮುಂದೆಯೇ ಎರಡೂ ಸುಣ್ಣವನ್ನು ಪಕ್ಕಪಕ್ಕ ಇಟ್ಟು ಹುಳಿ ಹಿಂಡಿ ತೋರಿಸಿದ ಮೇಲೆ ಬದಲಿಸಿ ಕೊಟ್ಟರು. ಐದು ದಿನ ಹೋಯಿತು. ಚೀಲ ಇಳಿಸಿಕೊಳ್ಳುವ ಮೊದಲೇ ಪರೀಕ್ಷೆ ಮಾಡಬೇಕಿತ್ತು, ಅದು ನನ್ನ ತಪ್ಪು.

ರೋಲರ್ ಮುಗಿದ ಮೇಲೆ ಏಳು ದಿನ ಒದ್ದೆ ಇಟ್ಟು, ಗಾಡಿ ಬಿಡಬಾರದು. ಮೂರನೇ ರಾತ್ರಿ ಯಾರೋ ಕಣಿಕೆ ತುಂಬಿದ ಟ್ರ್ಯಾಕ್ಟರ್ ದಾಟಿಸಿದ್ದರಿಂದ ಹದಿನೈದು ಮೀಟರಿನಲ್ಲಿ ಎರಡು ಗಾಡಿಜಾಡು ಬಿದ್ದವು. ಅಷ್ಟನ್ನು ಕಿತ್ತು ಹೊಸ ಸುಣ್ಣ ಹಾಕಿ ಮತ್ತೆ ಮಾಡಿದೆವು, ಎರಡೂ ತುದಿಗೆ ಜಾಲಿಕಂಟಿ ಬಡಿದೆವು. ಏಳು ದಿನದ ನಂತರ, ಮತ್ತೆ ನಾಲ್ಕು ದಿನ ನೀರು ನಿಲ್ಲಿಸಿ ಡಿಸಿಪಿ ಹೊಡೆದರೆ ಪೆಟ್ಟಿಗೆ 24 ಮಿಮೀ. 105ರಿಂದ 24. ಸಿಬಿಆರ್ ಲೆಕ್ಕದಲ್ಲಿ 10.

ಬೇವಿನ ಗಿಡದ 60 ಮೀಟರ್

ಇಲ್ಲಿ ನಂಬಿದ್ದು ಬಟ್ಟೆಯನ್ನು. ನೇಯ್ದ ಪಾಲಿಪ್ರೊಪಿಲೀನ್ ಜಿಯೊಟೆಕ್ಸ್‌ಟೈಲ್, 5 ಮೀಟರ್ ಅಗಲದ ಸುರುಳಿ. ನೀರನ್ನು ಬಿಡುತ್ತದೆ, ಎರೆಯನ್ನು ಬಿಡುವುದಿಲ್ಲ. ಗುಂಡಿಯಲ್ಲಿ ಕಂಡ ಆ ಶೇಂಗಾ ಪಾಕ ಮತ್ತೆ ಆಗದಂತೆ ಕಲ್ಲನ್ನೂ ಎರೆಯನ್ನೂ ಬೇರೆಬೇರೆ ಇಡುತ್ತದೆ. "ಗೊಬ್ಬರದ ಚೀಲಾನೂ ಇದ್ರಂಗ ಅದಾವಲ್ಲ, ಹೊಲಿದ ಹಾಸೂಣು" ಎಂದು ಒಬ್ಬರು ಕೇಳಿದರು. ನೂಲು ಒಂದೇ ಜಾತಿ ನಿಜ. ಆದರೆ ಒಂದು ಮೀಟರಿನ ತುಂಡುಗಳನ್ನು ಕೈಹೊಲಿಗೆಯಿಂದ ಜೋಡಿಸಿದರೆ ಟಿಪ್ಪರ್ ಭಾರಕ್ಕೆ ಮೊದಲು ಬಿಚ್ಚುವುದು ಆ ಹೊಲಿಗೆಯೇ, ಎರೆ ಅಲ್ಲಿಂದಲೇ ಏಳುತ್ತದೆ. ತೆಂಗಿನ ನಾರಿನ ಬಟ್ಟೆಯನ್ನೂ ಯೋಚಿಸಿದ್ದೆ. 2020ರಲ್ಲಿ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ (ಪಿಎಂಜಿಎಸ್‌ವೈ) ರಸ್ತೆಗಳಿಗೆ ಅದನ್ನು ಬಳಸಲು ಕೇಂದ್ರ ಒಪ್ಪಿಗೆ ಕೊಟ್ಟಿತು. ನಾರು ಕೆಲವು ವರ್ಷಕ್ಕೆ ಕೊಳೆಯುತ್ತದೆ, ಅಷ್ಟರಲ್ಲಿ ನೆಲ ಬಿಗಿದುಕೊಂಡರೆ ಸಾಕು ಎಂಬುದು ಅದರ ಹಿಂದಿನ ತರ್ಕ. ನಮ್ಮ ತಿರುವಿನಲ್ಲಿ ಬಸಿ ನೀರು ವರ್ಷವಿಡೀ ಜಿನುಗುತ್ತದೆ, ನೆಲ ಬಿಗಿಯುತ್ತದೆ ಎಂಬ ಭರವಸೆ ನನಗಿರಲಿಲ್ಲ.

ಇಲ್ಲಿ ಎರೆಯನ್ನು ಅಗೆಯಲಿಲ್ಲ. ಒಣಗಿ ಗಟ್ಟಿಯಾದ ಮೇಲಿನ ಚರ್ಮವೇ ಇದ್ದುದರಲ್ಲಿ ಬಲವಾದ ಭಾಗ, ಅದನ್ನು ಕೆದಕಿದರೆ ಕೆಳಗಿನ ಹಸಿ ಎರೆ ಸಿಗುತ್ತದೆ. ಬೇರು, ಚೂಪು ಕಲ್ಲು ತೆಗೆದು, ಬಟ್ಟೆ ಬಿಡಿಸಿ, ಸುರುಳಿ ಮುಗಿದಲ್ಲಿ 90 ಸೆಂಮೀ ಮೇಲೆ ಮೇಲೆ ಬರುವಂತೆ ಹಾಸಿದೆವು. ಹಂಚು ಹೊದಿಸಿದ ಹಾಗೆ, ಕಲ್ಲು ತಳ್ಳಿಕೊಂಡು ಹೋಗುವ ದಿಕ್ಕಿಗೆ ಹಿಂದಿನದು ಮೇಲೆ, ಮುಂದಿನದು ಕೆಳಗೆ. ತಿರುಗಾಮುರುಗಾ ಆದರೆ ಕಲ್ಲು ಮಡಿಕೆಯೊಳಗೆ ನುಗ್ಗಿ ಬಟ್ಟೆಯನ್ನು ಮುದುರುತ್ತದೆ. ಬಟ್ಟೆಯ ಮೇಲೆ ಗಾಲಿ ಇಡುವಂತೆಯೇ ಇಲ್ಲ. ಟಿಪ್ಪರ್ ಹಿಮ್ಮುಖವಾಗಿ ಬಂದು ಹಾಕಿದ ಕಲ್ಲಿನ ಮೇಲೆಯೇ ನಿಂತು ಸುರಿಯಬೇಕು, ಜೆಸಿಬಿ ಅದನ್ನು ಮುಂದಕ್ಕೆ ತಳ್ಳಬೇಕು. ಒಂದು ಕಡೆ ಬಕೆಟಿನ ಹಲ್ಲು ತಾಗಿ ಮೊಳದುದ್ದ ಹರಿಯಿತು. ಹರಿದ ಜಾಗಕ್ಕಿಂತ ಎಲ್ಲ ಕಡೆ ಮುಕ್ಕಾಲು ಮೀಟರಿಗೂ ಹೆಚ್ಚಿನ ತೇಪೆ ಇಟ್ಟು ಮುಂದುವರಿದೆವು. ಇಲ್ಲಿ ಕಲ್ಲಿನ ತಳಪದರ 35 ಸೆಂಮೀ, ಸುಣ್ಣದ ಭಾಗದಲ್ಲಿ 20.

ಕಲ್ಲು, ಗರಸು, ಇಳಿಜಾರು

ತಳಪದರಕ್ಕೆ ಖಡಿ (ಒಡೆದ ಜಲ್ಲಿಕಲ್ಲು) ಮತ್ತು ಗರಸಿನ ಮಿಶ್ರಣ. ಇದರಲ್ಲಿ ಜಿಗುಟು ಇರಬಾರದು, ನೀರು ಹರಿದುಹೋಗಬೇಕು. ಮೇಲಿನ 10 ಸೆಂಮೀ ಗರಸಿಗೆ ಮಾತ್ರ ತುಸು ಜಿಗುಟು ಬೇಕು, ಇಲ್ಲದಿದ್ದರೆ ಬೇಸಿಗೆಯಲ್ಲಿ ಗಾಲಿಗೆ ಸಿಕ್ಕಿ ಹರಳು ಹಾರಿಹೋಗುತ್ತದೆ. ಎರಡಕ್ಕೂ ಒಂದೇ ಗರಸು ಹಾಕುವುದು ಎಲ್ಲ ಕಡೆ ನೋಡಿದ್ದೇನೆ. ಗಣಿಯಿಂದ ತಂದ ಮಾದರಿಯನ್ನು ಗಾಜಿನ ಬಾಟಲಿಯಲ್ಲಿ ನೀರು ಹಾಕಿ ಕುಲುಕಿ ಇಟ್ಟರೆ ಯಾವುದರಲ್ಲಿ ಎಷ್ಟು ಸಣ್ಣ ಮಣ್ಣಿದೆ ಎಂದು ಕಣ್ಣಿಗೇ ಕಾಣುತ್ತದೆ.

ಈ ಸಲ ತಳಪದರವನ್ನು ಗಟಾರದ ಅಂಚಿನವರೆಗೂ ಎಳೆದೆವು. ಬದಿಗೆ ಎರೆ ಏರಿಸಲಿಲ್ಲ. ಬಾನಿಯ ಗೋಡೆ ಒಡೆದಂತಾಯಿತು. ನಡುವಿನಿಂದ ಅಂಚಿಗೆ ನೂರಕ್ಕೆ ನಾಲ್ಕರ ಇಳಿಜಾರು, ಅಂದರೆ ಎರಡು ಮೀಟರಿಗೆ 8 ಸೆಂಮೀ. ದಾರ ಕಟ್ಟಿ ಹತ್ತು ಹತ್ತು ಮೀಟರಿಗೆ ಅಳೆದೆ. ರೋಲರ್ ಅಂಚಿನಿಂದ ನಡುವಿಗೆ. ಒಟ್ಟು ಸುಮಾರು 265 ಬ್ರಾಸ್ (ಒಂದು ಬ್ರಾಸ್ ಎಂದರೆ ನೂರು ಘನ ಅಡಿ) ಕಲ್ಲು, ಗರಸು ಹೋಯಿತು. ಸುಣ್ಣ, ಬಟ್ಟೆ, ಪೈಪು, ಯಂತ್ರಗಳ ಬಾಡಿಗೆ ಸೇರಿ ₹9.5 ಲಕ್ಷ, ಎಕರೆಗೆ ₹6,800. ಕೂಲಿ ಎಲ್ಲ ಮನೆಯವರದೇ, ಅದನ್ನು ಹಿಡಿದಿಲ್ಲ. ಮೇ ಕೊನೆಗೆ ಮುಗಿಯಿತು.

ಮಳೆ, ಆಮೇಲೆ ಹಂಗಾಮು

ನಮ್ಮ ಕಡೆ ನಿಜವಾದ ಮಳೆ ಸೆಪ್ಟೆಂಬರಿನದು. ಜೋರು ಮಳೆಯ ಮರುದಿನ ಬೆಳಿಗ್ಗೆ ಕೊಡೆ ಹಿಡಿದು ಪೂರ್ತಿ ನಡೆದೆ. ದಾರಿಯ ಮೇಲೆ ಎಲ್ಲೂ ನೀರು ನಿಂತಿರಲಿಲ್ಲ. ಗಟಾರದ ಅಂಚಿನಲ್ಲಿ ತಳಪದರದ ಕಲ್ಲಿನ ಸಂದಿಯಿಂದ ಸಣ್ಣಗೆ ನೀರು ಒಸರುತ್ತಿತ್ತು, ಅದೂ ತಿಳಿ ನೀರು. ರಾಡಿಯಾಗಿ ಬಂದಿದ್ದರೆ ಎರೆ ಮೇಲೇರುತ್ತಿದೆ ಎಂದರ್ಥ. ಅಲ್ಲೇ ಕೂತು ಒಂದು ಬೊಗಸೆ ಹಿಡಿದು ನೋಡಿದೆ.

ಕುಂದು ಸಿಕ್ಕಿದ್ದು ಸುಣ್ಣದ ಭಾಗವೂ ಬಟ್ಟೆಯ ಭಾಗವೂ ಸೇರುವಲ್ಲಿ. ಹಂಗಾಮು ಶುರುವಾಗಿ ಮೊದಲ ವಾರದಲ್ಲೇ ಅಲ್ಲಿ 3 ಸೆಂಮೀ ತಗ್ಗು. ಒಂದು ಕಡೆ ಹಲಗೆಯಂತೆ ಬಿಗಿಯಾದ ನೆಲ, ಇನ್ನೊಂದು ಕಡೆ ತುಸು ಬಾಗುವ ನೆಲ. ಗಾಲಿ ಆ ಗೆರೆಯ ಮೇಲೆ ಕುಕ್ಕುತ್ತದೆ, ಪ್ರತಿ ಕುಕ್ಕಿಗೂ ತಗ್ಗು ಬೆಳೆಯುತ್ತದೆ. ಬಟ್ಟೆಯನ್ನು ಸುಣ್ಣದ ಭಾಗದ ಮೇಲೆ ಐದು ಮೀಟರಾದರೂ ಮುಂದುವರಿಸಿ, ಕಲ್ಲಿನ ದಪ್ಪವನ್ನು 35ರಿಂದ 20ಕ್ಕೆ ಮೆಲ್ಲಗೆ ಇಳಿಸಬೇಕಿತ್ತು. ನಾನು ಅಲ್ಲಿ ನೇರ ಗೆರೆ ಎಳೆದಂತೆ ನಿಲ್ಲಿಸಿದ್ದೆ. ಎರಡು ದಿನ ಸಾಗಣೆ ನಿಲ್ಲಿಸಿ ಎರಡೂ ತುದಿಯನ್ನು ಬಿಚ್ಚಿ ಹಾಗೆ ಮಾಡಿದೆವು. ಆಮೇಲೆ ತಗ್ಗು ಬಿದ್ದಿಲ್ಲ.

ಮಳೆ ಬಂದರೆ ಎರಡು ದಿನ ತುಂಬಿದ ಗಾಡಿ ಇಲ್ಲ ಎಂಬ ಮಾತನ್ನು ಎಲ್ಲರೂ ಉಳಿಸಿಕೊಂಡರು. ನವೆಂಬರಿನಲ್ಲಿ ಒಮ್ಮೆ ಕಾರ್ಖಾನೆಯ ಪಾಳಿ ತಪ್ಪುವ ಹೆದರಿಕೆ ಇದ್ದವರೂ ಕಾದರು. ಜನವರಿ ಮಧ್ಯಕ್ಕೆ 190 ಖೇಪು ದಾಟಿದ ಮೇಲೆ ಮೂರು ಮೀಟರಿನ ನೇರ ಪಟ್ಟಿ ಅಡ್ಡ ಇಟ್ಟು ಗಾಡಿಜಾಡಿನ ಆಳ ಅಳೆದೆ. ಸುಣ್ಣದ ಭಾಗದಲ್ಲಿ 8ರಿಂದ 12 ಮಿಮೀ, ಬಟ್ಟೆಯ ಭಾಗದಲ್ಲಿ 18. ಹೋದ ವರ್ಷ ಇದೇ ಜಾಗದಲ್ಲಿ ಗಾಲಿಯೇ ಕಾಣುತ್ತಿರಲಿಲ್ಲ.

ಏಪ್ರಿಲಿಗೆ ಎರಡು ಕೆಲಸ ಉಳಿದಿವೆ. ಗಟಾರದ ಆಚೆಯ ಎರೆ ಬಿರುಕು ಬಿಟ್ಟು ದಾರಿಯ ಅಂಚನ್ನು ಎಳೆಯುತ್ತದೆ, ಆ ಬಿರುಕುಗಳಿಗೆ ಸಣ್ಣ ಗರಸು ತುಂಬಬೇಕು. ತಿರುವಿನ ಒಳಬದಿಯಲ್ಲಿ ಮೇಲಿನ ಗರಸು ಸವೆದಿದೆ, ಅಲ್ಲಿಗೆ ನಾಲ್ಕು ಬ್ರಾಸ್ ತರಿಸಬೇಕು.

ಮೊನ್ನೆ ರಾತ್ರಿ ಹನ್ನೊಂದಕ್ಕೆ ನೀರು ತಿರುಗಿಸಲು ಹೋದಾಗ ಬೇವಿನ ಗಿಡದ ಕೆಳಗೆ ಬೆಳಕು ಕಂಡಿತು. ಕಾಕಾ ಅವರು ಬ್ಯಾಟರಿಯನ್ನು ಬಾಯಲ್ಲಿ ಕಚ್ಚಿಕೊಂಡು ಪೈಪಿನ ಬಾಯಿಗೆ ಸಿಕ್ಕಿದ್ದ ರವದಿಯನ್ನು ಎರಡೂ ಕೈಯಿಂದ ಎಳೆದು ತೆಗೆಯುತ್ತಿದ್ದರು. ನನ್ನನ್ನು ನೋಡಿ ಬ್ಯಾಟರಿ ಕೈಗೆ ತೆಗೆದುಕೊಂಡು, "ಈ ಕಡಿ ಆತು. ಆ ಕಡಿ ಬಾಯಿ ನೀ ನೋಡು ಹೋಗ ತಮ್ಮಾ" ಎಂದರು.